ಸೌಂಡ್ ಹ್ಯಾಂಗಿತ್ತು ಅಂತ ಕೇಳುವವರಿಗೆ

ಏಪ್ರಿಲ್ 14 ಮುಗಿದ ಮೇಲೆ ನಮ್ಮ ಬೀದರ ಜಿಲ್ಲೆಯಲ್ಲಿ ಇನ್ನೊಂದು ಹಬ್ಬ ಶುರುವಾಗುತ್ತದೆ. ಅದು ಮಾತಿನ ಹಬ್ಬ. ಚಹಾದ ಹೋಟೆಲಿನಲ್ಲಿ, ಹಾಸ್ಟೆಲಿನ ಕಟ್ಟೆಯ ಮೇಲೆ, ಪಂಕ್ಚರ್ ಅಂಗಡಿಯ ಮುಂದೆ, ಕಾಲೇಜಿನ ಗೇಟಿನ ಹತ್ತಿರ ನಮ್ಮ ಹುಡುಗರು ಭೀಮಗೀತೆಯ ರಾತ್ರಿಗಳನ್ನು ತಕ್ಕಡಿಗೆ ಹಾಕಿ ತೂಗಲಿಕ್ಕೆ ಕೂಡುತ್ತಾರೆ. "ಬೀದರದಾಗ ಸೌಂಡ್ ಜಬರ್ದಸ್ತ್ ಇತ್ತಪಾ, ಎದಿ ಹಾರ್ತಿತ್ತು." "ಭಾಲ್ಕಿದಾಗ ಲೈಟ್ ಭಾಳ ಛಂದ ಇದ್ವು, ಆದ್ರ ಹಾಡಾವ ತಡಾ ಮಾಡಿ ಬಂದ." "ಔರಾದದಾಗ ಮಂದಿ ಹ್ಯಾಂಗ ಕುಣದ್ರು ಅಂತಿ! ಅಂಥಾ ಪಬ್ಲಿಕ್ ಎಲ್ಲೂ ಇಲ್ಲ." ಮೊಬೈಲು ಹೊರಗೆ ಬರುತ್ತದೆ. ಯಾರ ವಿಡಿಯೋದಲ್ಲಿ ಬೆಳಕು ಹೆಚ್ಚು, ಯಾರ ವಿಡಿಯೋದಲ್ಲಿ ಗದ್ದಲ ಹೆಚ್ಚು ಎಂಬ ಮೇಲೆ ಪಂದ್ಯ ನಡೆಯುತ್ತದೆ. ಕಡೆಗೆ ಒಂದು ಊರು ಗೆಲ್ಲುತ್ತದೆ, ಎರಡು ಊರು ಸೋಲುತ್ತವೆ.

ಹಾಡು ಎಲ್ಲಿ ಹೋಯಿತು? ಯಾರೂ ಕೇಳುವುದಿಲ್ಲ.

ಗೆಳೆಯರೇ, ನಾವು ಈ ಮಾತಿನ ವಿರುದ್ಧ ಬರೆಯುತ್ತಿದ್ದೇವೆ. ಕುಣಿತದ ವಿರುದ್ಧ ಅಲ್ಲ. ಹೊಲಗೇರಿಯ ಹುಡುಗ ನಡುರಸ್ತೆಯಲ್ಲಿ ಕುಣಿದರೆ ಯಾರ ಹೊಟ್ಟೆ ಉರಿಯುತ್ತದೆ ಅನ್ನುವುದು ನಮಗೆ ಗೊತ್ತು. ಚಪ್ಪಲಿ ಕೈಯಾಗ ಹಿಡಕೊಂಡು ಗೌಡರ ಓಣಿ ದಾಟಿದ ಅಜ್ಜಂದಿರ ಮೊಮ್ಮಕ್ಕಳು ನಾವು. ಅದೇ ಓಣಿಯಲ್ಲಿ ನೀಲಿ ನಿಶಾನೆ ಹಿಡಿದು ಕುಣಿಯುವುದು ಸಣ್ಣ ಮಾತಲ್ಲ. ಹೋಲಿಕೆ ಮಾಡುವುದೂ ತಪ್ಪಲ್ಲ. ಒಂದೇ ಹಾಡುಗಾರನನ್ನು ಮೂರು ಊರಿನಲ್ಲಿ ಕೇಳಿದವನಿಗೆ ಒಂದೇ ಸಲ ಕೇಳಿದವನಿಗಿಂತ ಹೆಚ್ಚು ಗೊತ್ತಿರಬೇಕು. ನಮ್ಮ ಜಗಳ ಇರುವುದು ತಕ್ಕಡಿಯ ಮೇಲೆ. ಏನನ್ನು ತೂಗುತ್ತಿದ್ದೀರಿ? ಯಾವ ಕಲ್ಲು ಇಟ್ಟು ತೂಗುತ್ತಿದ್ದೀರಿ?

ನಮ್ಮ ಹಿರಿಯರೂ ತೂಗುತ್ತಿದ್ದರು. ಈ ಉತ್ತರದ ಸೀಮೆಯಲ್ಲಿ ಗೀಗೀ ಮೇಳಗಳಿದ್ದವು, ಕಲ್ಗಿ-ತುರಾ ಇತ್ತು, ಹರದೇಶಿ-ನಾಗೇಶಿ ಇತ್ತು. ಒಬ್ಬರು ಹೆಣ್ಣು ಹೆಚ್ಚು ಅಂತ ಹಾಡಿದರೆ ಇನ್ನೊಬ್ಬರು ಗಂಡು ಹೆಚ್ಚು ಅಂತ ಹಾಡುತ್ತಿದ್ದರು. ರಾತ್ರಿಯಿಡೀ ಸವಾಲ್-ಜವಾಬ್. ಬೆಳಗಾದ ಮೇಲೆ ಹೊಲಕ್ಕೆ ಹೋಗುವ ದಾರಿಯಲ್ಲಿ ಮಂದಿ ತೀರ್ಪು ಕೊಡುತ್ತಿದ್ದರು: "ಅವ ಹಾಕಿದ ಸವಾಲಿಗೆ ಇವನ ಹತ್ರ ಜವಾಬ್ ಇರಲಿಲ್ಲ ನೋಡು." ಅಕ್ಷರ ಬರದ ಮಂದಿ ಅವರು. ದನಿ ಇಂಪಾಗಿತ್ತೇ ಅನ್ನುವುದು ಅವರಿಗೆ ಎರಡನೆಯ ಮಾತು. ಮೊದಲನೆಯ ಮಾತು: ಏನು ಕೇಳಿದ, ಏನು ಹೇಳಿದ. ಡಿಗ್ರಿ ತಗೊಂಡ ನಾವು ವ್ಯಾಟ್ ಲೆಕ್ಕ ಹಾಕುತ್ತಿದ್ದೇವೆ!

ಭೀಮಗೀತೆ ಎಲ್ಲಿಂದ ಬಂತು ಅನ್ನುವುದನ್ನು ಒಂದು ಸಲ ನೆನಪು ಮಾಡಿಕೊಳ್ಳೋಣ. ಫುಲೆಯವರು 1873ರಲ್ಲಿ ಸತ್ಯಶೋಧಕ ಸಮಾಜ ಕಟ್ಟಿದರು. ಆ ಚಳವಳಿಯ ಮಡಿಲಲ್ಲಿ ಜಲಸಾ ಹುಟ್ಟಿತು. ಮಹಾರ್-ಮಾಂಗರ ಮೈಯಲ್ಲಿದ್ದ ತಮಾಷಾದ ಕಸುಬನ್ನೇ ತೆಗೆದುಕೊಂಡು ಅದರೊಳಗೆ ಬೇರೆ ಜೀವ ತುಂಬಿದರು. ಮುಂದೆ ಭೀಮರಾವ್ ಕರ್ಡಕ್ ಮತ್ತು ಅವರ ಸಂಗಾತಿಗಳು ಅಂಬೇಡ್ಕರಿ ಜಲಸಾ ಕಟ್ಟಿ ಕೇರಿ ಕೇರಿ ತಿರುಗಿದರು. ಅಣ್ಣಾಭಾವು ಸಾಠೆ ಮುಂಬಯಿಯ ಗಿರಣಿ ಕಾರ್ಮಿಕರ ನಡುವೆ ಕೆಂಪು ಬಾವುಟದ ಕಲಾಪಥಕ ನಡೆಸಿದರು. ವಾಮನದಾದಾ ಕರ್ಡಕ್ (1922-2004) ಸಾವಿರಾರು ಹಾಡು ಕಟ್ಟಿ, ಇದ್ದ ಊರಲ್ಲಿ ಉಂಡು, ಸಿಕ್ಕ ಜಾಗದಲ್ಲಿ ಮಲಗಿ, ಹಾಡುತ್ತಲೇ ಹೋದರು. ಪೇಪರು ಓದಲಿಕ್ಕೆ ಬರದ ಮನುಷ್ಯನಿಗೆ ಬಾಬಾಸಾಹೇಬರ ವಿಚಾರ ಮುಟ್ಟಿದ್ದು ಇಂಥವರ ಗಂಟಲಿನಿಂದ. ಆ ಗಂಟಲಿಗೆ ಬೆಲೆಯನ್ನೂ ತೆತ್ತಿದ್ದಾರೆ. 1997ರ ಜುಲೈಯಲ್ಲಿ ಮುಂಬಯಿಯ ರಮಾಬಾಯಿ ನಗರದಲ್ಲಿ ಪೊಲೀಸರ ಗುಂಡಿಗೆ 10 ಮಂದಿ ದಲಿತರು ಬಿದ್ದಾಗ, ಆ ಹೆಣಗಳನ್ನು ನೋಡಿ ಬಂದ ಶಾಹೀರ ವಿಲಾಸ ಘೋಗರೆ ಕೆಲವೇ ದಿನದಲ್ಲಿ ನೇಣು ಹಾಕಿಕೊಂಡ. ಆನಂದ ಪಟವರ್ಧನರ 'ಜೈ ಭೀಮ್ ಕಾಮ್ರೇಡ್' (2011) ಚಿತ್ರ ಶುರುವಾಗುವುದೇ ಆ ಸಾವಿನಿಂದ.

ನಮ್ಮ ಜಿಲ್ಲೆಗೆ ಈ ಹಾಡು ಹೊರಗಿನದಲ್ಲ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡಾಗ ಬೀದರ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಅದಾದ 18 ದಿನಕ್ಕೆ, ನವೆಂಬರ್ 1ಕ್ಕೆ, ಮೈಸೂರು ರಾಜ್ಯಕ್ಕೆ ಸೇರಿತು. ನಕ್ಷೆಯ ಮೇಲೆ ಗೆರೆ ಎಳೆದರು. ಗೆರೆಯ ಆಚೆ ಉದಗೀರ, ದೇಗಲೂರ. ಈಚೆ ಭಾಲ್ಕಿ, ಔರಾದ. ಬೀಗರು ಆಚೆ, ನಾವು ಈಚೆ. ಹಾಡಿಗೆ ಮಾತ್ರ ಯಾರೂ ಗೆರೆ ಎಳೆಯಲಿಲ್ಲ. ಲಗ್ನಕ್ಕೆ ಬಂದವರ ಬಾಯಲ್ಲಿ, ಆಮೇಲೆ ಕ್ಯಾಸೆಟ್ಟಿನಲ್ಲಿ, ಈಗ ಮೊಬೈಲಿನಲ್ಲಿ ಅದು ದಾಟುತ್ತಲೇ ಇದೆ.

ಈ ಕಡೆ ಕನ್ನಡದಲ್ಲೂ ಹಾಡು ಎದ್ದಿತು. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಊರೂರಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಏಟು ಬಿದ್ದವು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಅದೇ ವರ್ಷ ಸಮುದಾಯ ಹುಟ್ಟಿತು, ಬೀದಿಗೆ ನಾಟಕ ಬಂತು. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಯಲ್ಲಿ ಮೈಕು ಇರುತ್ತಿರಲಿಲ್ಲ. ಹಲಗೆ ಇತ್ತು, ಗಂಟಲು ಇತ್ತು. ಆ ಹಲಗೆಯದೇ ಒಂದು ಕತೆ. ಊರವರ ಹೆಣದ ಮುಂದೆ, ಊರವರ ಜಾತ್ರೆಯ ಮುಂದೆ ಬಿಟ್ಟಿ ಬಾರಿಸಬೇಕಾಗಿದ್ದ ಹಲಗೆಯನ್ನು ಕೆಳಗಿಡಿ ಎಂದಿತು ಚಳವಳಿ. ಆಮೇಲೆ ಅದೇ ಹಲಗೆಯನ್ನು ತಹಶೀಲ್ದಾರ ಕಚೇರಿಯ ಮುಂದೆ ಎತ್ತಿ ಬಾರಿಸಿತು. ಚರ್ಮ ಅದೇ, ಕೈ ಅದೇ. ಯಾರಿಗಾಗಿ ಬಾರಿಸುತ್ತೇವೆ ಅನ್ನುವುದು ಬದಲಾಯಿತು. ಅದೇ ಕ್ರಾಂತಿ.

ಈಗ ಬೆಂಗಳೂರಿನ ಕಡೆ ನೋಡೋಣ. ಅಲ್ಲಿ ಕ್ಲಬ್ಬುಗಳಲ್ಲಿ ರಾಕ್ ಬ್ಯಾಂಡುಗಳು ಹಾಡುತ್ತವೆ. ಅದಕ್ಕೆ 'ಇಂಡೀ' ಅನ್ನುತ್ತಾರೆ. ಸ್ವತಂತ್ರ ಸಂಗೀತ ಅಂತ ಅರ್ಥ. ದೊಡ್ಡ ಕಂಪನಿಯ ಹಂಗಿಲ್ಲ, ಸಿನಿಮಾದ ಹಂಗಿಲ್ಲ. ಒಳ್ಳೆಯದು. ಕಂಪನಿಯ ಹಂಗಿಲ್ಲದ್ದೇ ಇಂಡೀ ಎಂದರೆ ವಾಮನದಾದಾನಿಗಿಂತ ದೊಡ್ಡ ಇಂಡೀ ಯಾರು? ಏಕತಾರಿ ಹಿಡಿದು ಮನೆಮನೆಯ ಮುಂದೆ ಭೀಮಗೀತೆ ಹಾಡಿ ಹೊಟ್ಟೆ ಹೊರೆದ ಔರಂಗಾಬಾದ್ ಕಡೆಯ ಕಡುಬಾಯಿ ಖರಾತ್ ಯಾರು? ಅವರಿಗೆ ಆ ಹೆಸರು ಯಾಕೆ ಹತ್ತಲಿಲ್ಲ? ಯಾಕೆಂದರೆ ಬಡವ ಕಂಪನಿಯ ಹೊರಗಿದ್ದರೆ ಅದು ಗತಿಗೇಡು, ಉಳ್ಳವ ಹೊರಗಿದ್ದರೆ ಅದು ಸ್ವಾತಂತ್ರ್ಯ!

ಅದೇ ಬೆಂಗಳೂರಿನಲ್ಲಿ ರಘು ದೀಕ್ಷಿತರ ತಂಡ ಶಿಶುನಾಳ ಶರೀಫರ (1819-1889) ತತ್ವಪದಕ್ಕೆ ಗಿಟಾರು ಕಟ್ಟಿ ಹಾಡಿತು. ಕೇಳಿದವರು ಕುಣಿದರು. ಶರೀಫರ ಪದ ಹೊಸ ಹುಡುಗರ ಕಿವಿಗೆ ಬಿದ್ದದ್ದಕ್ಕೆ ನಮಗೆ ಖುಷಿಯೇ. ಆದರೆ ಕ್ಲಬ್ಬಿನ ಬಾಗಿಲಲ್ಲಿ ಟಿಕೆಟ್ಟಿದೆ. ಒಳಗೆ ಹೋದವರು ಹೊರಗೆ ಬಂದು ಮಾತಾಡುವುದೇನು? ಈ ಕ್ಲಬ್ಬಿನಲ್ಲಿ ಬೇಸ್ ಚೆನ್ನಾಗಿತ್ತು, ಆ ಕ್ಲಬ್ಬಿನಲ್ಲಿ ಬೆಳಕು ಚೆನ್ನಾಗಿತ್ತು, ಹೋದ ಸಲ ಇನ್ನೊಂದು ಹಾಡು ಹೆಚ್ಚಿಗೆ ಹಾಡಿದ್ದರು. ನಮ್ಮ ಭಾಲ್ಕಿಯ ಹುಡುಗ ಚಹಾದ ಅಂಗಡಿಯಲ್ಲಿ ಆಡುವ ಮಾತು ಇದೇ ಅಲ್ಲವೇ? ಟಿಕೆಟ್ಟು ಕೊಳ್ಳಲಿಕ್ಕೆ ರೊಕ್ಕ ಇಲ್ಲದಿದ್ದರೂ ಟಿಕೆಟ್ಟು ಕೊಂಡವನ ಕಿವಿ ನಮಗೆ ಬಂದುಬಿಟ್ಟಿದೆ. ಇದೇ ನಮ್ಮ ಸಂಕಟ. ಜಾತಿಯವರು ನಮ್ಮ ಬಾಯಿ ಕಟ್ಟಿದ್ದರು. ಮಾರುಕಟ್ಟೆ ಈಗ ಕಿವಿ ಕಟ್ಟುತ್ತಿದೆ.

ಗಿಟಾರು ಪರದೇಶದ್ದು, ಅದು ನಮಗೆ ಬೇಡ ಅನ್ನುವ ಪಂಡಿತರ ಜೊತೆ ನಾವಿಲ್ಲ. ರಾಕ್ ಸಂಗೀತದ ಬೇರು ಇರುವುದು ಅಮೆರಿಕದ ಕರಿಯರ ಬ್ಲೂಸ್‌ನಲ್ಲಿ, ಗುಲಾಮರ ಮಕ್ಕಳು ಮೊಮ್ಮಕ್ಕಳ ಗಂಟಲಿನಲ್ಲಿ. ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕರಿಯ ಹೆಣ್ಣುಮಗಳು ಹಾಡಿದ 'ಹೌಂಡ್ ಡಾಗ್' 1953ರಲ್ಲಿ ಹೊರಬಂತು. ಮೂರು ವರ್ಷದ ಮೇಲೆ ಅದೇ ಹಾಡನ್ನು ಬಿಳಿಯ ಎಲ್ವಿಸ್ ಪ್ರೀಸ್ಲಿ ಹಾಡಿದ. ಜಗತ್ತು ನೆನಪಿಟ್ಟದ್ದು ಅವನನ್ನು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡದ್ದು ಅದೇ ಕರಿಯರ ಬ್ಲ್ಯಾಕ್ ಪ್ಯಾಂಥರ್ಸ್ ನೋಡಿ. ಹಾಗಾದರೆ ಆ ಗಿಟಾರು ನಮ್ಮ ಬೀಗರ ಮನೆಯದು. ಧೈರ್ಯವಾಗಿ ಮುಟ್ಟೋಣ.

ಮುಟ್ಟಿದವರೂ ಇದ್ದಾರೆ. 2018ರ ಜನವರಿ 6ರಂದು ಚೆನ್ನೈಯ ಕೀಳ್ಪಾಕ್‌ನಲ್ಲಿ 'ದಿ ಕಾಸ್ಟ್‌ಲೆಸ್ ಕಲೆಕ್ಟಿವ್' ಎಂಬ ತಂಡ ಮೊದಲ ಸಲ ವೇದಿಕೆ ಹತ್ತಿತು. 19 ಮಂದಿ. ಹಿಂದೆ ನಿಂತವರು ಸಿನಿಮಾ ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ. ಹೆಸರು ತೆಗೆದುಕೊಂಡದ್ದು ಪಂಡಿತ ಅಯೋತಿ ದಾಸರಿಂದ (1845-1914). ತಮ್ಮ ಜನರನ್ನು ಜಾತಿಯಿಲ್ಲದ ತಮಿಳರು ಎಂದು ಬರೆಸಿಕೊಳ್ಳಿ ಎಂದ ಮನುಷ್ಯ ಅವರು. ಉತ್ತರ ಚೆನ್ನೈಯ ಕೇರಿಗಳಲ್ಲಿ ಸಾವಿನ ಮನೆಯ ಮುಂದೆ ಹಾಡುವ ಗಾನಾ, ಅದರ ಜೊತೆ ರಾಕ್, ಅದರ ಜೊತೆ ರ್‍ಯಾಪ್. ಹಾಡಿದ್ದೇನು? ಮೀಸಲಾತಿ, ದನದ ಮಾಂಸ, ಮ್ಯಾನ್‌ಹೋಲಿನಲ್ಲಿ ಸತ್ತವರು. ಗಂಡಸರದೇ ಆಗಿದ್ದ ಗಾನಾಕ್ಕೆ ಇಸೈವಾಣಿ ಎಂಬ ಹೆಣ್ಣುಮಗಳು ದನಿ ಕೊಟ್ಟಳು. ಇದು ಬ್ಯಾಂಡ್. ಇದಕ್ಕೂ ಬೇಸ್ ಇದೆ, ಲೈಟ್ ಇದೆ. ಆದರೆ ಬೇಸ್ ಹ್ಯಾಂಗಿತ್ತು ಅಂತಷ್ಟೇ ಹೇಳಿ ಎದ್ದು ಹೋಗಲಿಕ್ಕೆ ಅದು ಬಿಡುವುದಿಲ್ಲ.

ಬಿಡುವುದಿಲ್ಲ ಅಂದೆವು. ಆದರೂ ಮಾರುಕಟ್ಟೆ ಸುಮ್ಮನಿರುತ್ತದೆಯೇ? ಅದೇ ತಂಡದ ಅರಿವು ಬರೆದು ಹಾಡಿದ 'ಎಂಜಾಯ್ ಎಂಜಾಮಿ' 2021ರಲ್ಲಿ ದೇಶವೆಲ್ಲ ಕೇಳಿತು. ನೆಲ ಕಳೆದುಕೊಂಡು ಚಹಾದ ತೋಟಕ್ಕೆ ದುಡಿಯಲು ಹೋದ ಅವನ ಹಿರಿಯರ ನೋವು ಆ ಹಾಡಿನಲ್ಲಿದೆ. ಅದೇ ವರ್ಷ ಆಗಸ್ಟಿನಲ್ಲಿ ಒಂದು ದೊಡ್ಡ ಸಂಗೀತ ಪತ್ರಿಕೆ ಮುಖಪುಟ ಮಾಡಿದಾಗ ಅಲ್ಲಿ ಅರಿವು ಇರಲಿಲ್ಲ. ಪಾ. ರಂಜಿತ್ ಸಿಟ್ಟಿನಿಂದ ಕೇಳಿದ ಮೇಲೆ ಗದ್ದಲವಾಯಿತು. ಕೋಟಿಗಟ್ಟಲೆ ಮಂದಿ ಕೇಳಿದ ಹಾಡಿನಲ್ಲೇ ಹಾಡು ಕಟ್ಟಿದವ ಮಾಯವಾಗಬಲ್ಲ ಅಂದರೆ, ನಮ್ಮ ಔರಾದದ ರಾತ್ರಿಯಲ್ಲಿ ಹಾಡಿದವನ ಗತಿ ಏನು?

ಅದಕ್ಕೇ ಹೇಳುತ್ತೇವೆ: ಹೋಲಿಕೆ ಮಾಡ್ರಿ, ಆದ್ರ ಸರಿಯಾಗಿ ಮಾಡ್ರಿ. ನಮ್ಮ ಕಡೆಯಿಂದ ನಾಲ್ಕು ಕಲ್ಲು ಕೊಡುತ್ತೇವೆ. ಇವನ್ನು ಇಟ್ಟು ತೂಗಿರಿ.

ಮೊದಲನೆಯದು ಭಾಷೆ. ಹಾಡುವವ ಒಬ್ಬನೇ, ಹಾಡೂ ಒಂದೇ. ಆದರೂ ಮೂರು ಊರಲ್ಲಿ ಮೂರು ಹಾಡು. ಔರಾದದಲ್ಲಿ ಮರಾಠಿಯ ಒಂದೊಂದು ಚುಚ್ಚುಮಾತಿಗೂ ಮಂದಿ ಅಲ್ಲೇ ನಗುತ್ತಾರೆ, ಅಲ್ಲೇ ಅಳುತ್ತಾರೆ. ಅದಕ್ಕೇ ಅಲ್ಲಿಯ ಪಬ್ಲಿಕ್ ಬೇರೆ ಅನ್ನಿಸುತ್ತದೆ. ಭಾಲ್ಕಿಯಲ್ಲಿ ಅರ್ಧ ಮಂದಿಗೆ ನೇರ ಮುಟ್ಟುತ್ತದೆ, ಇನ್ನರ್ಧ ಮಂದಿ ಪಕ್ಕದವನ ಮಾರಿ ನೋಡಿ ತಿಳಿದುಕೊಳ್ಳುತ್ತಾರೆ. ಬೀದರ ನಗರದಲ್ಲಿ ದಖನಿ ಮಾತಾಡುವವರು, ತೆಲುಗು ಮಾತಾಡುವವರು, ಕನ್ನಡದವರು ಎಲ್ಲರೂ ನಿಂತಿರುತ್ತಾರೆ. ಅಲ್ಲಿ ಶಬ್ದಕ್ಕಿಂತ ತಾಳ ಮುಂದೆ ಹೋಗುತ್ತದೆ. ಹಾಗಾಗಿ ಬೀದರದವ "ಸೌಂಡ್" ಅಂತಾನೆ, ಔರಾದದವ "ಮಾತು" ಅಂತಾನೆ. ಇದು ಊರಿನ ಸೋಲು ಗೆಲುವಲ್ಲ, ಭಾಷೆಯ ಪ್ರಶ್ನೆ. ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಆ ಕನ್ನಡದಲ್ಲಿ ಓದಿ ಬಂದ ನಾವು, ನಮ್ಮ ಅವ್ವಂದಿರ ಬೀದರ ಕನ್ನಡದಲ್ಲಿ ಎಷ್ಟು ಭೀಮಗೀತೆ ಕಟ್ಟಿದ್ದೇವೆ? ಕವಿಗಳೆಂದು ಹೇಳಿಕೊಳ್ಳುವವರೆಲ್ಲರಿಗೂ ಈ ಸವಾಲು. ಮರಾಠಿ ಹಾಡು ಇರಲಿ, ಅದು ನಮ್ಮ ಚಿಕ್ಕಮ್ಮನ ಭಾಷೆ. ಆದರೆ ಭಾಲ್ಕಿಯ ಆ ಇನ್ನರ್ಧ ಮಂದಿ ಎಷ್ಟು ದಿನ ಪಕ್ಕದವನ ಮಾರಿ ನೋಡಬೇಕು?

ಎರಡನೆಯದು ಕೂಲಿ. ಡಿಜೆಯವನಿಗೆ ಮುಂಗಡ. ಜನರೇಟರಿನವನಿಗೆ ಮುಂಗಡ. ಲೈಟಿನವ ರೊಕ್ಕ ಎಣಿಸಿಕೊಂಡ ಮೇಲೆಯೇ ಸ್ವಿಚ್ಚು ಹಾಕುತ್ತಾನೆ. ಸ್ಥಳೀಯ ಹಾಡುಗಾರನಿಗೆ, ಹಲಗೆಯವನಿಗೆ, ಹಾರ್ಮೋನಿಯಂ ಹಿಡಿದ ಮುದುಕನಿಗೆ? ಒಂದು ಶಾಲು, ಒಂದು ಹಾರ, "ನಮ್ಮವರೇ ಅಲ್ಲೇನು" ಎಂಬ ಮಾತು. ಬಿಟ್ಟಿ ಚಾಕರಿ ಮುರಿಯಲಿಕ್ಕೆ ಹೊರಟ ಚಳವಳಿಯ ವೇದಿಕೆಯ ಮೇಲೆಯೇ ಬಿಟ್ಟಿ! ಚಿಕ್ಕಬಳ್ಳಾಪುರದ ಕಡೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ನಾವು ಹೆಮ್ಮೆಪಟ್ಟೆವು. ಆದರೆ ದಿಲ್ಲಿಯ ಪದಕ ಒಬ್ಬರಿಗೆ. ಕೇರಿಯ ಕೂಲಿ ಎಲ್ಲರಿಗೂ ಬೇಕು. ಯಾವ ಊರಿನ ಕಾರ್ಯಕ್ರಮ ಚೆನ್ನಾಗಿತ್ತು ಅನ್ನುವುದಕ್ಕಿಂತ ಮೊದಲು, ಯಾವ ಊರು ಹಾಡಿದವನಿಗೆ ಆ ರಾತ್ರಿಯೇ ಕೂಲಿ ಕೊಟ್ಟಿತು ಅಂತ ಕೇಳಿರಿ.

ಮೂರನೆಯದು ಹೆಣ್ಣುಮಕ್ಕಳು. ಚಹಾದ ಅಂಗಡಿಯ ಈ ಹೋಲಿಕೆಯಲ್ಲಿ ಒಂದಾದರೂ ಹೆಣ್ಣಿನ ದನಿ ಇದೆಯೇ? ಡಿಜೆಯ ಮುಂದೆ ಗಂಡುಹುಡುಗರ ಗೋಡೆ. ಅವ್ವ, ಅಕ್ಕ, ತಂಗಿ ಹಿಂದೆ ಕತ್ತಲಲ್ಲಿ, ಕೂಸು ಮಡಿಲಲ್ಲಿ. ಬಾಬಾಸಾಹೇಬರ ಫೋಟೋಕ್ಕೆ ದಿನಾ ದೀಪ ಹಚ್ಚುವವಳು ಅವಳು. ರಮಾಬಾಯಿಯ ಹಾಡು ಬಂದಾಗ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವವಳು ಅವಳು. ಅವಳಿಗೆ ಕೇಳಿಸಿದ್ದೇನು? ಮನೆಗೆ ಹೋಗಿ ಕೇಳಿರಿ. "ಏನ್ ಕೇಳ್ಸೇದಪ್ಪ, ಬರೇ ಧಡ್ ಧಡ್" ಅಂದರೆ, ಆ ಕಾರ್ಯಕ್ರಮ ಫೇಲಾಯಿತು ಅಂತ ಬರೆದುಕೊಳ್ಳಿರಿ. ಮುಂದಿನ ಜಾಗ ಅವಳದು. ಬಿಟ್ಟುಕೊಡಿರಿ.

ನಾಲ್ಕನೆಯದು ಗಡಿಯಾರ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿ 12ರ ತನಕ ಸಡಿಲಿಸುವ ಅಧಿಕಾರ ಸರಕಾರಕ್ಕಿದೆ. ನಿಯಮ ಎಲ್ಲರಿಗೂ ಒಂದೇ. ರೋಗಿಗಳಿದ್ದಾರೆ, ಪರೀಕ್ಷೆಗೆ ಓದುವ ನಮ್ಮದೇ ಮಕ್ಕಳಿದ್ದಾರೆ, ನಿಯಮ ಬೇಕು. ಆದರೆ ಯಾರ ಹಬ್ಬಕ್ಕೆ ಗಡಿಯಾರ ನಿಧಾನ ನಡೆಯುತ್ತದೆ, ಯಾರ ಹಬ್ಬಕ್ಕೆ ಪೊಲೀಸ್ ಜೀಪು ಹತ್ತಕ್ಕೆ ಸರಿಯಾಗಿ ಬಂದು ನಿಲ್ಲುತ್ತದೆ? ಇದನ್ನು ಊರೂರು ಹೋಲಿಸಿ ನೋಡಿರಿ. ಅದು ಹೋಲಿಕೆ! ಇನ್ನೊಂದು ಮಾತೂ ಇದೆ. ಹತ್ತಕ್ಕೆ ಮುಚ್ಚಬೇಕಾದದ್ದು ಧ್ವನಿವರ್ಧಕ. ಗಂಟಲಲ್ಲ. ಏಕತಾರಿಗೆ ಕರೆಂಟು ಬೇಡ. ಡಿಜೆಯನ್ನು ನೆಚ್ಚಿ ಕೂತರೆ ನಮ್ಮ ಹಾಡಿನ ಪ್ಲಗ್ಗು ಇನ್ನೊಬ್ಬರ ಕೈಯಲ್ಲಿ.

ವೇದಿಕೆ ಅಂದರೆ ಬರೀ ಮೋಜು ಅನ್ನುವವರಿಗೆ ಬೀದರ ನಗರದ್ದೇ ಒಂದು ಸಂಗತಿ ನೆನಪಿಸುತ್ತೇವೆ. 2020ರ ಜನವರಿಯಲ್ಲಿ ಇಲ್ಲಿಯ ಒಂದು ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕ ಆಡಿದರು. ರಾಜದ್ರೋಹದ ಕೇಸು ಬಿತ್ತು. ಒಬ್ಬ ಮುಖ್ಯ ಶಿಕ್ಷಕಿ, ಒಬ್ಬ ವಿದ್ಯಾರ್ಥಿನಿಯ ತಾಯಿ ಜೈಲು ಸೇರಿದರು. ಸಣ್ಣ ಮಕ್ಕಳನ್ನು ಪೊಲೀಸರು ಕೂಡಿಸಿ ವಿಚಾರಣೆ ಮಾಡಿದರು. 2023ರ ಜೂನಿನಲ್ಲಿ ಹೈಕೋರ್ಟು ಆ ಕೇಸನ್ನು ರದ್ದು ಮಾಡಿತು. ಆಳುವವರಿಗೆ ವೇದಿಕೆಯ ಶಕ್ತಿ ಗೊತ್ತಿದೆ. ಅವರು ಸೌಂಡ್ ಹ್ಯಾಂಗಿತ್ತು ಅಂತ ಕೇಳುವುದಿಲ್ಲ. ಏನು ಹೇಳಿದರು, ಯಾರು ಹೇಳಿದರು, ಕೇಳಿದವರು ಎಷ್ಟು ಮಂದಿ ಅಂತ ಬರೆದುಕೊಳ್ಳುತ್ತಾರೆ. ಅವರು ಅಷ್ಟು ಲಕ್ಷ್ಯ ಕೊಟ್ಟು ಕೇಳುತ್ತಿರುವಾಗ ನಾವು ಲೈಟು ನೋಡುತ್ತಾ ನಿಲ್ಲಬೇಕೇ?

ಹಳ್ಳಿಯ ಶಾಲೆಯ ಮಾಸ್ತರರೇ, ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ಮುಂದಿನ ಜಯಂತಿಗೆ ಒಂದು ನೋಟ್‌ಬುಕ್ ತಗೊಂಡು ಹೋಗಿರಿ. ಹಾಡಿದವನ ಹೆಸರು ಬರೆಯಿರಿ, ಹಾಡು ಕಟ್ಟಿದವನ ಹೆಸರು ಬರೆಯಿರಿ. ಅರ್ಥವಾಗದ ಮರಾಠಿ ಮಾತಿನ ಅರ್ಥ ಬಲ್ಲವರನ್ನು ಕೇಳಿ ಬರೆಯಿರಿ. ಕೂಲಿ ಎಷ್ಟು, ಯಾವಾಗ ಕೊಟ್ಟರು ಬರೆಯಿರಿ. ಹೆಣ್ಣುಮಕ್ಕಳು ಎಲ್ಲಿ ಕೂತಿದ್ದರು ಬರೆಯಿರಿ. ಜೀಪು ಎಷ್ಟು ಹೊತ್ತಿಗೆ ಬಂತು ಬರೆಯಿರಿ. ಆಮೇಲೆ ಬೀದರದವರು, ಭಾಲ್ಕಿಯವರು, ಔರಾದದವರು ಒಂದು ಕಡೆ ಕೂತು ಮೂರು ನೋಟ್‌ಬುಕ್ ತೆರೆಯೋಣ. ಜಗಳ ಆಗಲಿ. ಬೆಳತನಕ ಆಗಲಿ. ಆ ಜಗಳದಿಂದ ಒಂದಾದರೂ ಹೊಸ ಹಾಡು ಹುಟ್ಟಿದರೆ, ಹಾಡುವ ಒಬ್ಬನಿಗಾದರೂ ನ್ಯಾಯದ ಕೂಲಿ ಸಿಕ್ಕರೆ, ನಾವು ಕೇಳಿದ್ದಕ್ಕೆ ಅರ್ಥ ಬಂದೀತು.

ನಮ್ಮ ಅಪ್ಪಂದಿರು ಕೇಳಿದರು, ಎದ್ದು ನಿಂತರು. ನಾವು ಕೇಳಿ ಬರೀ ಮಾರ್ಕ್ಸು ಹಾಕುವವರಾಗಬಾರದು.